ಫೋಟೊದ ಜಾತಕ ಕಳೆಯಬೇಡಿ

ರಾಯಚೂರು, ದೇವದುರ್ಗ, ಮಾನ್ವಿ ಭಾಗದಲ್ಲಿ ಬೆಳೆ ಸಮೀಕ್ಷೆಗೆಂದು ಹೊಲ ಹೊಲ ತಿರುಗುವ ಪಿ.ಆರ್. (ಖಾಸಗಿ ನಿವಾಸಿ) ತಮ್ಮಂದಿರಿಗೆ, ಉದ್ಯೋಗ ಖಾತ್ರಿ ಕೆಲಸದ ಹಾಜರಿ ಹಿಡಿಯುವ ಕಾಯಕ ಬಂಧು ಅಕ್ಕ-ಅಣ್ಣಂದಿರಿಗೆ, ಮನೆ ಬಿಲ್ಲಿಗೆ ‘ಜಿಪಿಎಸ್ ಮಾಡುವ’ ಪಂಚಾಯ್ತಿಯ ಹುಡುಗರಿಗೆ,



ಹೋದ ವರ್ಷದ ಮಾತು. ದೇವದುರ್ಗ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನ ಹತ್ತಿ ಹೊಲಕ್ಕೆ, ಕಾಯಿ ಒಡೆಯುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಅರಳೆ ಗಿಡದಲ್ಲೇ ತೊಯ್ದು ಕಪ್ಪಾಯಿತು. ಮಾವನ ಮಗ ಮಳೆ ನಿಂತ ಮುಂಜಾನೆಯೇ ಹೊಲಕ್ಕೆ ಹೋಗಿ ಹನ್ನೊಂದು ಫೋಟೊ ಹೊಡೆದ. ಅಲ್ಲಿಯವರೆಗೆ ಎಲ್ಲ ಸರಿ. ಅವನ್ನು ವಾಟ್ಸ್‌ಆ್ಯಪಿನಲ್ಲಿ ಅಪ್ಪನಿಗೆ ಕಳಿಸಲು ಐದು ದಿನ ಮರೆತ. ಕಳಿಸಿದ ಮೇಲೆ ಫೋನ್ ತುಂಬಿತೆಂದು ತನ್ನ ಕಡೆಯ ಅಸಲನ್ನು ಅಳಿಸಿಬಿಟ್ಟ. ಮಾವ ನನಗೆ ತನ್ನ ಫೋನು ಹಿಡಿದು, ‘ಫೋಟೊದ ಹೆಸರಿನಾಗ ತಾರೀಖು ಅದಲ್ಲಪ್ಪ, ಅಷ್ಟು ಸಾಲ್ದೇನು?’ ಎಂದ.

ಸಾಲುವುದಿಲ್ಲ. ವಾಟ್ಸ್‌ಆ್ಯಪಿನ ಫೋಟೊದ ಹೆಸರಿನಲ್ಲಿರುವ ಆ ಎಂಟು ಅಂಕಿ ಫೋಟೊ ಹುಟ್ಟಿದ ದಿನದ್ದಲ್ಲ, ಮಾವನ ಫೋನಿಗೆ ಬಂದಿಳಿದ ದಿನದ್ದು. ಸ್ಥಳೀಯ ವಿಪತ್ತಿನಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕೆಂಬುದು ಫಸಲ್ ಬಿಮಾ ಎಂಬ ಬೆಳೆ ವಿಮೆಯ ನಿಯಮ. ಮಳೆಯಾಗಿ ಐದು ದಿನ ಕಳೆದ ತಾರೀಖು ಹೊತ್ತ ಆ ಹನ್ನೊಂದು ಫೋಟೊಗಳು ಮಾವನ ಪರ ಸಾಕ್ಷಿ ಹೇಳುವ ಬದಲು ಎದುರು ಪಕ್ಷದ ಸಾಕ್ಷಿಯ ಹಾಗೆ ನಿಂತಿದ್ದವು.

ನಾನು ಹುಟ್ಟಿದ್ದು ಮಾನ್ವಿ ತಾಲ್ಲೂಕಿನಲ್ಲಿ. ಹೊಟ್ಟೆಪಾಡಿಗೆ ಮಾಡುವುದು ಮೊಬೈಲ್ ಸಾಫ್ಟ್‌ವೇರ್ ಬರೆಯುವ ಕೆಲಸ, ಅದರಲ್ಲೂ ಫೋಟೊ ತೆಗೆದು, ಕುಗ್ಗಿಸಿ, ಸರ್ವರಿಗೆ ಏರಿಸುವ ಭಾಗ. ಮಾವನ ಮಗ ಮಾಡಿದ ತಪ್ಪನ್ನೇ ನಾನೂ ಒಮ್ಮೆ ಮಾಡಿದ್ದೇನೆ, ಸಾವಿರ ಪಟ್ಟು ದೊಡ್ಡದಾಗಿ. ಅದನ್ನು ಮುಂದೆ ಹೇಳುತ್ತೇನೆ. ನಿಮಗೆ ಈ ಕಾಗದ ಯಾಕೆಂದರೆ, ನಮ್ಮ ಜಿಲ್ಲೆಯಲ್ಲಿ ಈಗ ಕೂಲಿ, ಬೆಳೆ ಪರಿಹಾರ, ಮನೆಯ ಕಂತು ಎಲ್ಲಕ್ಕೂ ಮೊದಲ ಸಾಕ್ಷಿ ನೀವು ತೆಗೆಯುವ ಫೋಟೊ. ಆ ಸಾಕ್ಷಿ ಫೋಟೊದ ಮೈಮೇಲೆ ಇರುವುದಿಲ್ಲ, ಹೊಟ್ಟೆಯೊಳಗೆ ಇರುತ್ತದೆ. ನಿಮಗೆ ಫೋನು ಕೊಟ್ಟವರು, ಆ್ಯಪ್ ಕೊಟ್ಟವರು, ತರಬೇತಿ ಕೊಟ್ಟವರು ಇದನ್ನು ಹೇಳಿದಂತೆ ಕಾಣಲಿಲ್ಲ.

ರಾಯಚೂರು ಕೋಟೆಯೊಳಗೆ ನಲವತ್ತು ಅಡಿಗೂ ಮೀರಿದ ಉದ್ದನೆಯ ಒಂದೇ ಕಲ್ಲು ಗೋಡೆಯಲ್ಲಿ ಕೂತಿದೆಯಲ್ಲ, ನೋಡಿದ್ದೀರಾ? ನೋಡಿರದಿದ್ದರೆ ಬಸ್ಸು ತಪ್ಪಿದ ದಿನ ಒಂದು ಗಳಿಗೆ ಹೋಗಿ ಬನ್ನಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯರೆಡ್ಡಿ ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲೆ ತೆಲುಗಿನಲ್ಲಿ ಕೊರೆದಿದೆ. ನನ್ನನ್ನು ಅಲ್ಲಿ ನಿಲ್ಲಿಸಿದ್ದು ಅಕ್ಷರಗಳಲ್ಲ. ಅದೇ ಗೋಡೆಯ ಮೇಲೆ, ಆ ಕಲ್ಲನ್ನು ಬಂಡಿಗೆ ಹೇರಿಕೊಂಡು ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವಿದೆ. ತಾನು ಹೇಗೆ ಬಂದೆ ಎಂಬುದನ್ನು ಕಲ್ಲು ತನ್ನ ಜೊತೆಗೇ ಇಟ್ಟುಕೊಂಡು ಕೂತಿದೆ. ಯಾರು, ಯಾವಾಗ, ಏನು, ಹೇಗೆ ಎಲ್ಲ ಒಂದೇ ಗೋಡೆಯಲ್ಲಿ. ಕಲ್ಲು ಒಂದು ಕಡೆ, ಅದರ ಕಥೆ ಒಂದು ಕಡೆ ಮಾಡಲು ಬರುವುದಿಲ್ಲ. ನಮ್ಮ ಹಳೆಯ ದಾನಶಾಸನಗಳೂ ಹಾಗೆಯೇ: ಸಂವತ್ಸರ, ತಿಥಿ, ವಾರ, ಹೊಲದ ನಾಲ್ಕು ದಿಕ್ಕಿನ ಗಡಿ, ಸಾಕ್ಷಿಗಳು, ಕೊನೆಗೆ ಅಳಿಸಿದವನಿಗೆ ಶಾಪ. ಮಸ್ಕಿಯ ಬಂಡೆಯನ್ನೇ ತೆಗೆದುಕೊಳ್ಳಿ. ದೇಶದ ಎಷ್ಟೋ ಕಡೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. 1915ರಲ್ಲಿ ನಮ್ಮ ಮಸ್ಕಿಯಲ್ಲಿ ಸಿಕ್ಕಿದ್ದರಲ್ಲಿ ಅಶೋಕ ಎಂಬ ಹೆಸರಿತ್ತು. ಆ ಒಂದು ಹೆಸರಿನಿಂದ ಉಳಿದ ಬಂಡೆಗಳ ಒಡೆಯ ಯಾರೆಂಬುದೂ ಗಟ್ಟಿಯಾಯಿತು.

ಫೋಟೊದ ಹೊಟ್ಟೆಯೊಳಗಿನ ಬರಹವೂ ಇಂಥದ್ದೇ. ಸಾಫ್ಟ್‌ವೇರಿನವರು ಮೆಟಾಡೇಟಾ ಎನ್ನುತ್ತಾರೆ. ನಾನು ಜಾತಕ ಎನ್ನುತ್ತೇನೆ, ಹುಟ್ಟಿದ ಊರು, ದಿನ, ಗಳಿಗೆ ಅದರಲ್ಲಿ ಇರುವುದರಿಂದ. ಈ ಜಾತಕ ಬರೆಯುವ ಕ್ರಮಕ್ಕೆ ಎಕ್ಸಿಫ್ ಎಂದು ಹೆಸರು. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಉದ್ಯಮದ ಸಂಘವೊಂದು ಡಿಜಿಟಲ್ ಕ್ಯಾಮೆರಾಗಳಿಗಾಗಿ ಮಾಡಿದ್ದು. ಅಂದಿನದೇ ಕ್ರಮ ಇಂದು ನಿಮ್ಮ ಜೇಬಿನಲ್ಲಿದೆ. ಫೋಟೊದ ಕಡತ ತೆರೆದುಕೊಂಡ ಕೂಡಲೇ, ಬಣ್ಣದ ಚುಕ್ಕಿಗಳು ಶುರುವಾಗುವ ಮೊದಲೇ, ಒಂದು ಸಣ್ಣ ಕೋಣೆ ಇರುತ್ತದೆ. 64 ಕಿಲೋಬೈಟಿಗಿಂತ ಹೆಚ್ಚು ಹಿಡಿಸುವುದಿಲ್ಲ. ಯಾವ ಕಂಪನಿಯ ಯಾವ ಮಾಡೆಲ್ ಫೋನು, ಎಷ್ಟು ಹೊತ್ತಿಗೆ ತೆಗೆದದ್ದು, ಬೆಳಕು ಎಷ್ಟಿತ್ತು, ಅಕ್ಷಾಂಶ-ರೇಖಾಂಶ ಎಷ್ಟು ಎಲ್ಲ ಅಲ್ಲಿ.

ಅಕ್ಷಾಂಶವನ್ನು ಅಲ್ಲಿ ಡಿಗ್ರಿ, ನಿಮಿಷ, ಸೆಕೆಂಡು ಎಂದು ಮೂರು ಭಿನ್ನರಾಶಿಗಳಾಗಿ ಬರೆದಿಡುತ್ತಾರೆ. ರಾಯಚೂರು ನಗರ ಸುಮಾರು 16 ಡಿಗ್ರಿ 12 ನಿಮಿಷ ಉತ್ತರ, 77 ಡಿಗ್ರಿ 21 ನಿಮಿಷ ಪೂರ್ವ. ಮಾನ್ವಿ 16 ಡಿಗ್ರಿಗೆ ಒಂದೇ ನಿಮಿಷ ಕಡಿಮೆ. ಸೆಕೆಂಡು ಎಂದರೆ ಸಣ್ಣದಲ್ಲ: ನೆಲದ ಮೇಲೆ ಒಂದು ಸೆಕೆಂಡು ಅಕ್ಷಾಂಶ ಸುಮಾರು 31 ಮೀಟರ್. ಚೌಕವಾದ ಒಂದು ಎಕರೆಯ ಬದಿ ಸುಮಾರು 64 ಮೀಟರ್. ಅಂದರೆ ಎರಡು ಸೆಕೆಂಡು ಹೆಚ್ಚುಕಡಿಮೆಯಾದರೆ ನಿಮ್ಮ ಸರ್ವೆ ನಂಬರಿನ ತೊಗರಿ ಪಕ್ಕದವನ ಖಾತೆಗೆ ಹೋಯಿತು. ‘ಉತ್ತರ’ ಎನ್ನುವುದನ್ನು ಬೇರೆಯೇ ಕೋಣೆಯಲ್ಲಿ ಒಂದಕ್ಷರವಾಗಿ ಬರೆದಿರುತ್ತಾರೆ. ಅದೊಂದು ತಪ್ಪಿ ‘ದಕ್ಷಿಣ’ವಾದರೆ ಮಾನ್ವಿಯ ಭತ್ತದ ಗದ್ದೆ ಹಿಂದೂ ಮಹಾಸಾಗರದ ನಡುನೀರಿನಲ್ಲಿ. ಕಾಲುವೆಯ ಕೊನೆಭಾಗದ ರೈತರಿಗೆ ನೀರು ಮುಟ್ಟಿದ್ದು ಅಲ್ಲೊಂದೇ ಅನ್ನಬೇಕಾಗುತ್ತದೆ.

ಅಂದಹಾಗೆ, ಈ ಜಾತಕದಲ್ಲಿ ವಿವರಣೆ ಬರೆಯಲೂ ಒಂದು ಜಾಗವಿದೆ. ಅಲ್ಲಿ ‘ಮಾನ್ವಿ, ಎಡದಂಡೆ ಕಾಲುವೆ’ ಎಂದು ಕನ್ನಡದಲ್ಲಿ ಬರೆಸಲು ನಾನು ಒಮ್ಮೆ ಹೊರಟೆ. ತಿರುಗಿ ಓದಿದರೆ ಪ್ರಶ್ನೆಚಿಹ್ನೆಗಳ ಸಾಲು. ಆ ಜಾಗ ಇಂಗ್ಲಿಷಿನ ಅಕ್ಷರಗಳಿಗಷ್ಟೇ ಮೀಸಲಾಗಿತ್ತು. ಕನ್ನಡದಂಥ ಲಿಪಿಗಳಿಗೂ ಅಲ್ಲಿ ಅಧಿಕೃತವಾಗಿ ಬಾಗಿಲು ತೆರೆದದ್ದು 2023ರ ಎಕ್ಸಿಫ್ 3.0ರಲ್ಲಿ. ಇಪ್ಪತ್ತೆಂಟು ವರ್ಷ!

ಈಗ ನನ್ನ ತಪ್ಪಿನ ಕಥೆ.

ಆ್ಯಪ್ ಬರೆಯುವವರು ಎಲ್ಲವನ್ನೂ ಕೈಯಾರೆ ಬರೆಯುವುದಿಲ್ಲ. ಬಿತ್ತುವ ದಿನ ಕೂರಿಗೆ ಬಾಡಿಗೆಗೆ ತಂದ ಹಾಗೆ, ಫೋನಿನ ವ್ಯವಸ್ಥೆಯೇ ಕೊಟ್ಟ ಸಲಕರಣೆ ಬಳಸುತ್ತಾರೆ. ಆ ಸಲಕರಣೆಗಳ ಮನೆಗೆ ಫ್ರೇಮ್‌ವರ್ಕ್ ಎನ್ನುತ್ತಾರೆ. ಆಂಡ್ರಾಯ್ಡಿನಲ್ಲಿ ಜಾತಕ ಓದಿ ಬರೆಯುವ ಸಲಕರಣೆಗೆ ಎಕ್ಸಿಫ್‌ಇಂಟರ್‌ಫೇಸ್ ಎಂದು ಹೆಸರು, 2009ರ ಆಂಡ್ರಾಯ್ಡ್ 2.0ದಿಂದಲೂ ಇದೆ. ಐಫೋನಿನಲ್ಲಿ ಇಮೇಜ್‌ಐಒ, 2010ರ ಐಒಎಸ್ 4ರಿಂದ. ಎರಡರಲ್ಲೂ ಒಂದು ವಿಚಿತ್ರವಿದೆ. ಚಿತ್ರವನ್ನು ಹಿಡಿಯುವ ಸಲಕರಣೆ ಬೇರೆ, ಜಾತಕವನ್ನು ಹಿಡಿಯುವ ಸಲಕರಣೆ ಬೇರೆ. ಚಿತ್ರ ಹಿಡಿಯುವುದು ಕಡತವನ್ನು ತೆರೆದು ಬರೀ ಬಣ್ಣದ ಚುಕ್ಕಿಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ಅದನ್ನು ಕುಗ್ಗಿಸಿ ಮತ್ತೆ ಕಡತವಾಗಿ ಉಳಿಸಿದರೆ ಚಿತ್ರ ಇರುತ್ತದೆ, ಜಾತಕ ಇರುವುದಿಲ್ಲ. ರಾಯಚೂರಿನ ಹತ್ತಿ ಮಾರುಕಟ್ಟೆಗೆ ಬಂದ ಅಂಡಿಗೆಗೆ ಚೀಟಿ ಇರುತ್ತದೆ, ಯಾರದು, ಯಾವ ಊರಿನದು ಎಂದು. ಬಿಚ್ಚಿ ಜಿನ್ನಿಂಗ್ ಅಂಗಳದ ರಾಶಿಗೆ ಸುರಿದ ಮೇಲೆ ದೇವದುರ್ಗದ ಅರಳೆ ಯಾವುದು, ಮಾನ್ವಿಯದು ಯಾವುದು ಹೇಳಿ ನೋಡೋಣ.

ಕೆಲವು ವರ್ಷಗಳ ಹಿಂದೆ ಹೊಲದ ಫೋಟೊ ಕಳಿಸುವ ಒಂದು ಖಾಸಗಿ ಆ್ಯಪಿಗೆ ನಾನು ಈ ಭಾಗ ಬರೆದಿದ್ದೆ. ಹಳ್ಳಿಗಳಲ್ಲಿ ನೆಟ್‌ವರ್ಕ್ ಕಡಿಮೆ, ದೊಡ್ಡ ಫೋಟೊ ಏರುವುದಿಲ್ಲ ಎಂದು ಕುಗ್ಗಿಸಿ ಕಳಿಸುವ ವ್ಯವಸ್ಥೆ ಮಾಡಿದೆ. ಜಾಣತನ ಅಂದುಕೊಂಡೆ. ಹಳೆಯ ಕಡತದ ಜಾತಕವನ್ನು ಹೊಸದಕ್ಕೆ ನಕಲು ಮಾಡುವ ಸಾಲುಗಳನ್ನು ಬರೆಯುವುದು ಮರೆತೆ. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ಹುಡುಗರು ಬಿಸಿಲಲ್ಲಿ ಅಲೆದು ತೆಗೆದ ಸಾವಿರಾರು ಫೋಟೊ ಸರ್ವರಿಗೆ ಬಂದು ಬಿದ್ದಿದ್ದವು, ಒಂದಕ್ಕೂ ಊರಿಲ್ಲ, ದಿನವಿಲ್ಲ. ಅರ್ಧಕ್ಕರ್ಧ ಅಡ್ಡ ಮಲಗಿದ್ದವು. ಸಭೆಯಲ್ಲಿ ಮೊದಲು ಬಂದ ಮಾತು, ‘ಫೀಲ್ಡಿನ ಹುಡುಗರು ಸರಿಯಾಗಿ ತೆಗೆದಿಲ್ಲ’ ಎಂದು. ನಾನು ಎರಡು ದಿನ ಸುಮ್ಮನಿದ್ದೆ. ಆಮೇಲೆ ಒಪ್ಪಿಕೊಂಡೆ. ಆ ಎರಡು ದಿನದ ಸಾಲ ತೀರಿಸಲೆಂದೇ ಈ ಕಾಗದ ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ಅಡ್ಡ ಮಲಗಿದ್ದಕ್ಕೆ ಕಾರಣವೂ ಜಾತಕವೇ. ಫೋನನ್ನು ನೆಟ್ಟಗೆ ಹಿಡಿದರೂ ಒಳಗಿನ ಕ್ಯಾಮೆರಾದ ಕಣ್ಣು ಬಹುತೇಕ ಅಡ್ಡ ಕೂತಿರುತ್ತದೆ. ಫೋನು ಚಿತ್ರವನ್ನು ತಿರುಗಿಸುವ ಗೋಜಿಗೆ ಹೋಗದೆ ಜಾತಕದಲ್ಲಿ 1ರಿಂದ 8ರವರೆಗಿನ ಒಂದು ಅಂಕಿ ಬರೆದಿಡುತ್ತದೆ. 6 ಎಂದಿದ್ದರೆ ‘ತೋರಿಸುವಾಗ ಬಲಕ್ಕೆ 90 ಡಿಗ್ರಿ ತಿರುಗಿಸಿ’ ಎಂದರ್ಥ. ಜಾತಕ ಹೋದರೆ ಆ ಅಂಕಿಯೂ ಹೋಗುತ್ತದೆ, ಸಾಲಾಗಿ ನಿಂತ ಕೂಲಿಯ ಅವ್ವಂದಿರು ಗೋಡೆಗೆ ಒರಗಿಸಿದ ಏಣಿಯ ಮೆಟ್ಟಿಲುಗಳ ಹಾಗೆ ಅಡ್ಡಡ್ಡ. ಹಾಗಾಗಿ ನಿಮ್ಮ ಫೋಟೊ ಕಚೇರಿಯ ಕಂಪ್ಯೂಟರಿನಲ್ಲಿ ಅಡ್ಡ ಬಂತು ಎಂದು ಯಾರಾದರೂ ಬೈದರೆ, ನಿಮ್ಮ ಕೈ ಅಲುಗಿದ್ದಲ್ಲ, ನಡುವೆ ಎಲ್ಲೋ ಜಾತಕ ಓದದ, ಇಲ್ಲವೇ ಕಳೆದ, ಸಾಫ್ಟ್‌ವೇರ್ ಇದೆ ಎಂದು ಧೈರ್ಯವಾಗಿ ಹೇಳಿ.

2019ರಲ್ಲಿ ಆಂಡ್ರಾಯ್ಡ್ 10 ಬಂದಾಗ ಇನ್ನೊಂದು ಬದಲಾವಣೆಯಾಯಿತು. ಅದಕ್ಕೂ ಮೊದಲು, ಗ್ಯಾಲರಿ ನೋಡಲು ನೀವು ಅನುಮತಿ ಕೊಟ್ಟ ಯಾವ ಆ್ಯಪಾದರೂ ನಿಮ್ಮ ಎಲ್ಲ ಫೋಟೊಗಳ ಜಾತಕ ಓದಿ, ನಿಮ್ಮ ಮನೆ ಎಲ್ಲಿ, ಹೊಲ ಎಲ್ಲಿ, ಮಗಳ ಶಾಲೆ ಎಲ್ಲಿ ಎಂದು ಲೆಕ್ಕ ಹಾಕಬಹುದಿತ್ತು. ಆಂಡ್ರಾಯ್ಡ್ 10 ಅದಕ್ಕೆ ತಡೆ ಹಾಕಿತು. ಆ್ಯಪ್ ಫೋಟೊ ಕೇಳಿದರೆ ಫ್ರೇಮ್‌ವರ್ಕ್ ಸ್ಥಳದ ಕೋಣೆಯನ್ನು ಖಾಲಿ ಮಾಡಿ ಕೊಡುತ್ತದೆ. ಸ್ಥಳ ಬೇಕೆಂದರೆ ಬೇರೆಯೇ ಅನುಮತಿ ಪಡೆದು, ‘ಮೂಲವೇ ಬೇಕು’ ಎಂದು ಪ್ರತ್ಯೇಕವಾಗಿ ಕೇಳಬೇಕು. ನನ್ನ ಮಟ್ಟಿಗೆ ಇದು ಒಳ್ಳೆಯ ನಿಯಮ. ಆದರೆ ಹಳೆಯ ರೀತಿಯಲ್ಲಿ ಬರೆದ ಆ್ಯಪ್‌ಗಳಿಗೆ ಇದು ಗೊತ್ತೇ ಆಗುವುದಿಲ್ಲ. ಕೇಳಿದರೆ ಫೋಟೊ ಬರುತ್ತದೆ, ತಪ್ಪು ಎಂಬ ಸಂದೇಶ ಇಲ್ಲ, ಸ್ಥಳ ಮಾತ್ರ ಇಲ್ಲ. ಹಳೆಯ ಫೋನಿನಲ್ಲಿ ಸರಿಯಿದ್ದದ್ದು ಹೊಸ ಫೋನು ಕೊಂಡ ಮೇಲೆ ಕೆಟ್ಟಿತು ಎಂದು ನಿಮ್ಮಲ್ಲಿ ಯಾರಿಗಾದರೂ ಅನಿಸಿದ್ದರೆ ಒಂದು ಕಾರಣ ಇದಿರಬಹುದು. ‘ಫೋಟೊ ಮತ್ತು ಮಾಧ್ಯಮ’ಕ್ಕೆ ಅನುಮತಿ ಕೇಳುವ ಚೌಕ ಬಂದಾಗ ಓದದೆ ಒತ್ತಬೇಡಿ ಎನ್ನುವುದು ಇದಕ್ಕೇ.

ಇಷ್ಟಕ್ಕೂ ಜಾತಕ ಓದುವ ಸಲಕರಣೆಯೇ ಮೋಸಹೋದದ್ದೂ ಉಂಟು. ಎಕ್ಸಿಫ್ ಓದುವಲ್ಲಿದ್ದ ಒಂದು ದೋಷದಿಂದ, ಬೇಕೆಂದೇ ಕೆಡಿಸಿದ ಜಾತಕವಿರುವ ಒಂದು ಫೋಟೊ ಆಂಡ್ರಾಯ್ಡ್ ಫೋನನ್ನು ವಶಪಡಿಸಿಕೊಳ್ಳುವ ಅಪಾಯವಿತ್ತು. 2016ರ ಸೆಪ್ಟೆಂಬರಿನಲ್ಲಿ ಗೂಗಲ್ ಅದನ್ನು ಸರಿಪಡಿಸಿತು. ಅಪ್‌ಡೇಟ್ ಬಂದರೆ ‘ಡೇಟಾ ಹೋಗ್ತದ’ ಎಂದು ಮುಂದೂಡಬೇಡಿ.

ಹೊತ್ತಿನ ವಿಷಯ ಸ್ವಲ್ಪ ನಿಧಾನವಾಗಿ ಕೇಳಿ, ಇಲ್ಲಿ ಓದಿದವರೂ ಎಡವುತ್ತಾರೆ. ಜಾತಕದಲ್ಲಿ ಎರಡು ಗಡಿಯಾರಗಳಿವೆ. ಒಂದು ಫೋನಿನ ಗಡಿಯಾರ, ನಮ್ಮ ಭಾರತೀಯ ಸಮಯ. ಇನ್ನೊಂದು ಉಪಗ್ರಹದಿಂದ ಬಂದ ಸಮಯ, ಅದು ಗ್ರೀನಿಚ್ ಲೆಕ್ಕದ್ದು. ಎರಡಕ್ಕೂ ಐದೂವರೆ ತಾಸಿನ ಅಂತರ. ನೀವು ಬೆಳಿಗ್ಗೆ ಹತ್ತೂವರೆಗೆ ತೆಗೆದ ಫೋಟೊದ ಉಪಗ್ರಹ ಸಮಯ ಐದು ಗಂಟೆ ಎಂದಿರುತ್ತದೆ. ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ಕೆಲಸಕ್ಕಿಳಿದು ಐದೂಕಾಲಿಗೆ ಒಂದು ಫೋಟೊ ತೆಗೆದಿರಿ ಎನ್ನಿ, ಉಪಗ್ರಹದ ಲೆಕ್ಕದಲ್ಲಿ ಅದು ಹಿಂದಿನ ದಿನ ರಾತ್ರಿ 11:45. ತಾರೀಖೇ ಬೇರೆ! ಇದನ್ನು ನೋಡಿ ‘ನಿನ್ನೆ ರಾತ್ರಿ ಮನೆಯಲ್ಲಿ ಕೂತು ತೆಗೆದ ಫೋಟೊ’ ಎಂದು ಸುಳ್ಳು ಹೊರಿಸುವುದು ಸುಲಭ. ಫೋನಿನ ಗಡಿಯಾರಕ್ಕಾದರೋ ತಾನು ಯಾವ ದೇಶದ ಸಮಯ ಹೇಳುತ್ತಿದ್ದೇನೆ ಎಂದು ಬರೆಯುವ ಜಾಗವೇ ಬಹುಕಾಲ ಇರಲಿಲ್ಲ. 2016ರ ಆವೃತ್ತಿಯಲ್ಲಿ ಅದು ಬಂತು. ಆ ಗಡಿಯಾರವನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಲೂ ಬಹುದು. ಹಾಗಾಗಿ ಸೆಟ್ಟಿಂಗಿನಲ್ಲಿ ಸಮಯವನ್ನು ‘ತಾನಾಗಿಯೇ’ ಎಂದು ಬಿಟ್ಟುಬಿಡಿ, ಮುಟ್ಟಬೇಡಿ.

‘ನೆಟ್‌ವರ್ಕ್ ಇಲ್ರಿ, ಜಿಪಿಎಸ್ ಬರವಲ್ದು’ ಎಂಬ ಮಾತು ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಜಿಪಿಎಸ್‌ಗೆ ಬೇಕಾದ್ದು ಆಕಾಶ, ಟವರಲ್ಲ. ಟವರಿದ್ದರೆ ಉಪಗ್ರಹಗಳು ಎಲ್ಲಿವೆ ಎಂಬ ಪಟ್ಟಿ ಬೇಗ ಕೈಗೆ ಬರುತ್ತದೆ, ಅಷ್ಟೇ. ಟವರಿಲ್ಲದಿದ್ದರೆ ಫೋನು ಅದನ್ನು ಉಪಗ್ರಹದಿಂದಲೇ ಕೇಳಿ ಬರೆದುಕೊಳ್ಳಬೇಕು, ಒಂದೊಂದು ಉಪಗ್ರಹ ತನ್ನ ಪಾಠ ಒಪ್ಪಿಸಲು 30 ಸೆಕೆಂಡು ಬೇಕು. ಬೇವಿನ ಮರದ ನೆರಳು ಬಿಟ್ಟು ಬಯಲಿಗೆ ಬಂದು, ಕ್ಯಾಮೆರಾ ತೆರೆದು, ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ. ಗಡಿಬಿಡಿಯಲ್ಲಿ ಒತ್ತಿದರೆ ಕೆಲವು ಫೋನುಗಳು ಸ್ಥಳದ ಕೋಣೆಯನ್ನು ಖಾಲಿ ಬಿಡುತ್ತವೆ. ಇನ್ನು ಕೆಲವು ಕೊನೆಯ ಸಲ ಗೊತ್ತಿದ್ದ ಸ್ಥಳವನ್ನೇ ಬರೆದುಬಿಡುತ್ತವೆ. ಆಗ ಹೊಲದ ಫೋಟೊಗೆ ನೀವು ಚಹಾ ಕುಡಿದ ಬಸ್‌ಸ್ಟ್ಯಾಂಡಿನ ಜಾತಕ. ಹಾಂ, ಕ್ಯಾಮೆರಾದ ಸೆಟ್ಟಿಂಗಿನಲ್ಲಿ ‘ಲೊಕೇಶನ್ ಟ್ಯಾಗ್’ ಎನ್ನುವುದು ಬಹಳ ಫೋನುಗಳಲ್ಲಿ ಮೊದಲಿಗೆ ಬಂದ್ ಇರುತ್ತದೆ. ಅದನ್ನು ನೋಡಿಕೊಳ್ಳದೆ ಒಂದು ಹಂಗಾಮು ಪೂರ್ತಿ ಫೋಟೊ ತೆಗೆದವರನ್ನು ಬಲ್ಲೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಫೋಟೊದ ಕೆಳಗೆ ನಕ್ಷೆ, ಊರಿನ ಹೆಸರು, ಅಕ್ಷಾಂಶ ಎಲ್ಲ ಅಚ್ಚಾಗಿ ಬರುವ ಆ್ಯಪ್ ಇದೆಯಲ್ಲ, ಅದು ಸಾಕಲ್ಲ? ನಾವು ‘ಜಿಪಿಎಸ್ ಫೋಟೊ’ ಎನ್ನುವುದೇ ಅದಕ್ಕೆ. ವಾಟ್ಸ್‌ಆ್ಯಪಿನಲ್ಲಿ ಹೋದರೂ ಆ ಮುದ್ರೆ ಅಳಿಯುವುದಿಲ್ಲ, ನಿಜ. ಅದಕ್ಕೇ ಎಲ್ಲ ಕಚೇರಿಗೂ ಅದು ಇಷ್ಟ. ಆದರೆ ಅದು ಗೋಡೆಗೆ ಬಳಿದ ಬಣ್ಣ. ಇಂಥ ಮುದ್ರೆಯನ್ನು ಯಾವ ಫೋಟೊದ ಮೇಲಾದರೂ ಬಳಿಯಬಹುದು. ಅದರಲ್ಲಿರುವ ಅಂಕಿಯೂ ಜಾತಕದಲ್ಲಿರುವ ಅಂಕಿಯೂ ತಾಳೆಯಾದರೆ ಮಾತ್ರ ಅದಕ್ಕೆ ಬೆಲೆ. ತಾಳೆ ನೋಡಲು ಜಾತಕ ಉಳಿದಿರಬೇಕು.

ಹಾಗೆಂದು ಜಾತಕ ಸತ್ಯಹರಿಶ್ಚಂದ್ರನೇನಲ್ಲ. ಅದನ್ನೂ ತಿದ್ದಬಹುದು, ನನ್ನಂಥವನಿಗೆ ಹತ್ತು ಸಾಲಿನ ಕೆಲಸ. ತಿದ್ದದೆಯೂ ಸುಳ್ಳು ಹೇಳಿಸಬಹುದು. ಉದ್ಯೋಗ ಖಾತ್ರಿಯ ಹಾಜರಿ ಹಿಡಿಯುವ ಎನ್‌ಎಂಎಂಎಸ್ ಆ್ಯಪಿನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2021ರ ಮೇ ತಿಂಗಳಲ್ಲಿ ಶುರುವಾಗಿ, 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯವಾಯಿತು: ದಿನಕ್ಕೆ ಎರಡು ಫೋಟೊ, ಸ್ಥಳ ಮತ್ತು ಸಮಯದ ಗುರುತಿನೊಂದಿಗೆ. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಇದರಲ್ಲಿ ನಡೆಯುತ್ತಿರುವ ಮೋಸಗಳನ್ನು ಪಟ್ಟಿ ಮಾಡಿತು. ಕೆಲಸಕ್ಕೆ ಸಂಬಂಧವಿಲ್ಲದ ಫೋಟೊ, ಬೆಳಗಿನ ಮುಖಗಳೇ ಬೇರೆ ಮಧ್ಯಾಹ್ನದ ಮುಖಗಳೇ ಬೇರೆ, ಎಲ್ಲಕ್ಕಿಂತ ಚೋದ್ಯದ್ದು ಫೋಟೊದ ಫೋಟೊ. ಹಳೆಯ ಫೋಟೊ ಎದುರಿಗೆ ಹಿಡಿದು ಕೆಲಸದ ಜಾಗದಲ್ಲೇ ನಿಂತು ಅದರ ಫೋಟೊ ತೆಗೆಯುವುದು. ಆಗ ಜಾತಕ ನೂರಕ್ಕೆ ನೂರು ಸತ್ಯ, ಸ್ಥಳ ಸತ್ಯ, ಸಮಯ ಸತ್ಯ, ಜನ ಮಾತ್ರ ಇಲ್ಲ. ಜಾತಕ ಹೇಳುವುದು ಕ್ಯಾಮೆರಾ ಎಲ್ಲಿತ್ತು ಎಂದು. ಕ್ಯಾಮೆರಾದ ಮುಂದೆ ಯಾರಿದ್ದರು ಎಂದು ಹೇಳಬೇಕಾದವರು ನೀವು.

ಹಾಗಾಗಿಯೇ, ಫೋಟೊ ಏರಲಿಲ್ಲ ಎಂಬ ಒಂದೇ ಕಾರಣಕ್ಕೆ ಬದು ಹಾಕಿದ ಕೈಯ ಕೂಲಿ ಹಿಡಿಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಯಂತ್ರ ನಂಬಿಕಸ್ಥ ಎಂಬ ನಂಬಿಕೆಯ ಮೇಲೆ ಆ ನಿಯಮ ನಿಂತಿದೆ. ಯಂತ್ರದ ಒಳಗೆ ಕೂತು ಬರೆಯುವ ನಾನು ಹೇಳುತ್ತೇನೆ, ಅಲ್ಲಿ ಮರೆವು ಬಹಳ. 2025ರ ಡಿಸೆಂಬರಿನಲ್ಲಿ ಸಂಸತ್ತು ಖಾತ್ರಿಯ ಜಾಗಕ್ಕೆ ಬೇರೆ ಕಾಯ್ದೆಯನ್ನೇ ತಂದಿತು. ಹೆಸರು ಯಾವುದಾದರೂ ಫೋಟೊ ತಪ್ಪುವಂತೆ ಕಾಣುವುದಿಲ್ಲ.

ಹಾಗಾದರೆ ಏನು ಮಾಡುವುದು? ನಾನು ಕೇಳುವುದು ದೊಡ್ಡದೇನಲ್ಲ. ಅಸಲನ್ನು ಉಳಿಸಿ. ಆ್ಯಪಿನೊಳಗೇ ತೆಗೆಯುವ ಫೋಟೊ ನಿಮ್ಮ ಗ್ಯಾಲರಿಗೆ ಬರದೇ ಇರಬಹುದು. ಆಗ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಫೋನಿನ ಸ್ವಂತ ಕ್ಯಾಮೆರಾದಿಂದ ಇನ್ನೊಂದು ತೆಗೆದಿಡಿ. ನಾಳೆ ಹಾಜರಿ ಬಿದ್ದಿಲ್ಲ ಎಂದರೆ ಕೂಲಿಯವರ ಕೈಯಲ್ಲಿ ತೋರಿಸಲು ಏನಾದರೂ ಇರುತ್ತದೆ. ಬೆಳೆ ಸಮೀಕ್ಷೆಯಲ್ಲಿ ನೀವು ದಾಖಲಿಸಿದ್ದರ ಮೇಲೆಯೇ ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿ ಎಲ್ಲ ನಿಂತಿರುವುದರಿಂದ, ಹತ್ತಿ ಇದ್ದಲ್ಲಿ ತೊಗರಿ ಎಂದು ದಾಖಲಾಯಿತೆಂದು ಜಗಳ ಬಂದರೆ ನಿಮ್ಮನ್ನೂ ಅದೇ ಫೋಟೊ ಕಾಯುತ್ತದೆ. ಯಾರಿಗಾದರೂ ಕಳಿಸಬೇಕಾದರೆ ವಾಟ್ಸ್‌ಆ್ಯಪಿನಲ್ಲಿ ‘ಫೋಟೊ’ ಎಂದು ಅಲ್ಲ, ‘ಡಾಕ್ಯುಮೆಂಟ್’ ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿ ಜಾತಕ ತೆಗೆದು ಒಯ್ಯುತ್ತದೆ, ಡಾಕ್ಯುಮೆಂಟ್ ಎಂದರೆ ಕಡತ ಇದ್ದ ಹಾಗೇ ಹೋಗುತ್ತದೆ. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಫೋನು ತುಂಬಿದರೆ ಹಂಗಾಮಿಗೊಮ್ಮೆ ಮೆಮೊರಿ ಕಾರ್ಡಿಗೋ ಕಂಪ್ಯೂಟರಿಗೋ ಕೇಬಲ್ ಹಾಕಿ ಇಳಿಸಿ.

ಅಸಲಿಗೆ ಇಷ್ಟು ಒತ್ತು ಕೊಡಲು ಕಾನೂನಿನ ಕಾರಣವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ, ಫೋಟೊದಂಥ ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆ ಬರೆಯಬೇಕು. ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತು. ಒಂದು ಚುಕ್ಕಿ ಬದಲಾದರೂ, ಜಾತಕದ ಒಂದಕ್ಷರ ಹೋದರೂ, ಗುರುತೇ ಬೇರೆಯಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ‘ಫೋಟೊ’ ಎಂದೇ ಹೋಗಿಬಂದದ್ದರ ಹೆಬ್ಬೆಟ್ಟು ಅಸಲಿನದಕ್ಕೆ ಎಂದೂ ಕೂಡುವುದಿಲ್ಲ.

ಇನ್ನು ಇದರ ತದ್ವಿರುದ್ಧ ಮಾತು, ವಿಶೇಷವಾಗಿ ಕಾಯಕ ಬಂಧು ಅಕ್ಕಂದಿರಿಗೆ. ಕೆಲಸದ ಫೋಟೊದಲ್ಲಿ ಜಾತಕ ಉಳಿಯಬೇಕು, ಮನೆಯ ಫೋಟೊದಲ್ಲಿ ಉಳಿಯಬಾರದು. ಹೊಲಿಗೆ ಯಂತ್ರ ಮಾರುತ್ತೇನೆಂದು, ಮಗುವಿನ ಹುಟ್ಟುಹಬ್ಬವೆಂದು ಹಾಕುವ ಫೋಟೊದ ಹೊಟ್ಟೆಯಲ್ಲಿ ನಿಮ್ಮ ಮನೆಯ ಬಾಗಿಲಿನ ಗುರುತು ಇರಬಹುದು. 2012ರಲ್ಲಿ ತಲೆಮರೆಸಿಕೊಂಡಿದ್ದ ಜಾನ್ ಮ್ಯಾಕಫಿ ಎಂಬ ಸಿರಿವಂತ, ಕಂಪ್ಯೂಟರಿನ ವೈರಸ್ ಹಿಡಿಯುವ ಸಾಫ್ಟ್‌ವೇರ್ ಮಾಡಿ ಹೆಸರಾದವನು, ಗ್ವಾಟೆಮಾಲಾದಲ್ಲಿ ಇರುವುದು ಹೊರಬಿದ್ದದ್ದು ಪತ್ರಕರ್ತರು ಹಾಕಿದ ಒಂದು ಫೋಟೊದ ಜಾತಕದಿಂದ. ಅಂಥವನೇ ಸಿಕ್ಕಿಬಿದ್ದ. ಗ್ಯಾಲರಿಯಿಂದ ಹಂಚುವಾಗ ‘ಸ್ಥಳದ ಮಾಹಿತಿ ತೆಗೆದುಹಾಕು’ ಎಂಬ ಆಯ್ಕೆ ಬಹಳ ಫೋನುಗಳಲ್ಲಿದೆ, ಐಫೋನಿನಲ್ಲಿ 2019ರ ಐಒಎಸ್ 13ರಿಂದ ಇದೆ. ಅದನ್ನು ಬಳಸಿ. ಹಾಗೆಯೇ ಕೂಲಿಯ ಅವ್ವಂದಿರ ಸಾಲು ನಿಲ್ಲಿಸಿ ತೆಗೆದ ಫೋಟೊ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ಬಗ್ಗಿ ಮಣ್ಣು ತುಂಬುವಾಗ, ಸೆರಗು ಜಾರಿದಾಗ ಒತ್ತಬೇಡಿ. ಒಂದು ಮಾತು ಹೇಳಿ, ನೆಟ್ಟಗೆ ನಿಲ್ಲಿಸಿ, ಆಮೇಲೆ ತೆಗೆಯಿರಿ. ಇದಕ್ಕೆ ಯಾವ ಫ್ರೇಮ್‌ವರ್ಕಿನಲ್ಲೂ ಸಲಕರಣೆ ಇಲ್ಲ.

ನನ್ನ ಓರಗೆಯ ಸಾಫ್ಟ್‌ವೇರಿನವರಿಗೂ ಈ ಕಾಗದ ಯಾರಾದರೂ ತೋರಿಸಿದರೆ, ಅವರಿಗೆ ಒಂದೇ ಸಾಲು: ಕುಗ್ಗಿಸುವ ಮುನ್ನ ಜಾತಕ ನಕಲು ಮಾಡಿಕೊಳ್ಳಿ, ಸ್ಥಳದ ಕೋಣೆ ಖಾಲಿ ಬಂದರೆ ಆ ಕ್ಷಣವೇ, ಹೊಲದಲ್ಲಿ ಇನ್ನೂ ನಿಂತಿರುವಾಗಲೇ, ಹುಡುಗನಿಗೆ ಕನ್ನಡದಲ್ಲಿ ತಿಳಿಸಿ.

ಹಬ್ಬ, ರಜೆಗೆ ನಾನು ಊರಲ್ಲೇ ಇರುತ್ತೇನೆ. ಯಾರಿಗಾದರೂ ಫೋಟೊದ ಜಾತಕ ನೋಡುವುದು ಕಲಿಯಬೇಕಿದ್ದರೆ ಹತ್ತು ನಿಮಿಷದ ಕೆಲಸ: ಗ್ಯಾಲರಿಯಲ್ಲಿ ಫೋಟೊ ತೆರೆದು ಮೇಲಕ್ಕೆ ಎಳೆಯಿರಿ, ಇಲ್ಲವೇ ‘ವಿವರ’ ಎಂಬುದನ್ನು ಒತ್ತಿ. ನಕ್ಷೆ, ದಿನ, ಫೋನಿನ ಹೆಸರು ಕಂಡರೆ ಜಾತಕ ಇದೆ. ಬರೀ ಕಡತದ ಹೆಸರು, ತೂಕ ಕಂಡರೆ ಇಲ್ಲ.

ಮಾವನಿಗೆ ಇಷ್ಟನ್ನೂ ಕೂರಿಸಿಕೊಂಡು ಹೇಳಿಕೊಟ್ಟೆ. ಈ ಸಲ ಬಿತ್ತಿದ ದಿನದಿಂದ ತಾನೇ ಫೋಟೊ ತೆಗೆಯುತ್ತಿದ್ದಾನೆ, ಮಗನ ಕೈಗೆ ಕೊಟ್ಟಿಲ್ಲ. ಮೊನ್ನೆ ರಾತ್ರಿ ಒಂದು ಫೋಟೊ ಬಂತು. ಮೊಳಕಾಲೆತ್ತರದ ಹತ್ತಿ, ಹಿಂದೆ ಬದು, ಅದರ ಮೇಲೆ ಮಾವನ ಚಪ್ಪಲಿ. ಕೆಳಗೆ ಬರೆದಿದ್ದ: ‘ನೋಡು, ಈ ಸಲ ಒಂದೂ ಅಳಿಸಿಲ್ಲ. ಜಾತಕ ಸುದ್ದಾ ಜ್ವಾಕಿ ಅದ.’

ಕಳಿಸಿದ್ದು ವಾಟ್ಸ್‌ಆ್ಯಪಿನಲ್ಲಿ.

ನಿಮ್ಮವನು,
ಮಾನ್ವಿ ತಾಲ್ಲೂಕಿನ ಒಬ್ಬ ಸಾಫ್ಟ್‌ವೇರ್ ಬರಹಗಾರ